ನೆರಳಿನಲ್ಲಿ ನೋಡಿದ ಸ್ವಭಾವ

ರಾಮಕುಂಜದ ಕಡೆಯ ಮನೆಗಳಲ್ಲಿ ಕ್ರೋಟನ್ ಮೂಲತಃ ಅಂಗಳದ ಗಿಡ. ಗೇಟಿನ ಎರಡು ಬದಿ, ಬಾವಿಕಟ್ಟೆಯ ಹತ್ತಿರ, ಬೇಲಿಯ ಸಾಲಿನಲ್ಲಿ ಮಳೆಗಾಲದ ಸುರುವಿಗೆ ಒಂದು ಗೆಲ್ಲು ಊರಿದರೆ ಆಟಿ ಕಳೆಯುವುದರೊಳಗೆ ಬೇರು ಬಿಟ್ಟಿರುತ್ತದೆ. ಅದಕ್ಕೆ ಯಾರೂ ಹಟ್ಟಿಗೊಬ್ಬರ ಹಾಕಿ ಉಪಚಾರ ಮಾಡುವುದಿಲ್ಲ. ಕೆಂಪು, ಹಳದಿ, ಕಿತ್ತಳೆ, ಹೆಚ್ಚುಕಡಿಮೆ ಕಪ್ಪೇ ಅನ್ನಬಹುದಾದ ನೇರಳೆ ಎಲ್ಲವನ್ನೂ ಒಂದೇ ಗೆಲ್ಲಿನಲ್ಲಿ ತೋರಿಸಿಕೊಂಡು ಅದು ತನ್ನಷ್ಟಕ್ಕೆ ನಿಂತಿರುತ್ತದೆ. ಅದೇ ಗಿಡವನ್ನು ಚಟ್ಟಿಯಲ್ಲಿ ನೆಟ್ಟು ತಾರಸಿ ಮನೆಯ ಹಾಲಿನೊಳಗೆ, ಟಿ.ವಿ.ಯ ಪಕ್ಕ ಇಟ್ಟಾಗ ಸಂಗತಿ ಬದಲಾಗುತ್ತದೆ. ಮೊದಲು ಕೆಳಗಿನ ಎಲೆಗಳು ಉದುರುತ್ತವೆ. ಆಮೇಲೆ ಬರುವ ಚಿಗುರು ಹಸಿರಾಗಿ ಬರುತ್ತದೆ, ಬಲಿತ ಮೇಲೂ ಹಸಿರಾಗಿಯೇ ಉಳಿಯುತ್ತದೆ. ದುಡ್ಡು ಕೊಟ್ಟು ತಂದವರು ಕೆಲವು ತಿಂಗಳು ಕಾದು ಕಡೆಗೆ ಒಂದು ತೀರ್ಪು ಕೊಡುತ್ತಾರೆ: ಇದರ ಜಾತಿಯೇ ಸರಿಯಿಲ್ಲ, ಇದರಲ್ಲಿ ಬಣ್ಣವೇ ಇಲ್ಲ. ಕಾಣದ್ದನ್ನು ಇಲ್ಲವೆಂದು ಮುಗಿಸಿಬಿಡುವ ಈ ಮಾತು ಗಿಡದ ಮಟ್ಟಿಗೇ ನಿಂತಿದ್ದರೆ ಅದನ್ನು ಎತ್ತಿಕೊಂಡು ಬರೆಯಬೇಕಾಗಿರಲಿಲ್ಲ. ಮನುಷ್ಯರ ಬಗೆಗೂ ನಾವು ಹೀಗೆಯೇ ಹೇಳುತ್ತೇವೆ. ಹೇಳುವಾಗ ‘ಸ್ವಭಾವ’ ಎಂಬ ಶಾಸ್ತ್ರದ ಮಾತನ್ನು ಬೆಂಬಲಕ್ಕೆ ಕರೆದುಕೊಳ್ಳುತ್ತೇವೆ. ಸ್ವಭಾವವನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದ ದರ್ಶನ ಮಧ್ವರದು. ಆ ದರ್ಶನದ ಒಳಗೇ ನಿಂತು ನೋಡಿದರೂ ಇಂಥ ತೀರ್ಪು ಕೊಡುವ ಅಧಿಕಾರ ನಮಗಿಲ್ಲ ಎಂಬುದು ಇಲ್ಲಿಯ ವಾದ.

ಗಿಡದ ಸಂಗತಿಯನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು. ಕ್ರೋಟನ್ ನಮ್ಮ ನೆಲದ್ದಲ್ಲ. ಮಲಯ, ಇಂಡೊನೇಷ್ಯಾಗಳಿಂದ ಆಸ್ಟ್ರೇಲಿಯಾದ ಉತ್ತರ ಭಾಗ ಮತ್ತು ಪೆಸಿಫಿಕ್ ದ್ವೀಪಗಳವರೆಗಿನ ಬಿಸಿಲು-ಮಳೆಯ ನಾಡು ಅದರ ತವರು. ಡಚ್ ಕಂಪೆನಿಯ ನೌಕರನಾಗಿ ಅಂಬಾನ್ ದ್ವೀಪದಲ್ಲಿದ್ದ ರಂಫಿಯಸ್ ಅದನ್ನು ತನ್ನ ದೊಡ್ಡ ಸಸ್ಯಗ್ರಂಥದಲ್ಲಿ ವರ್ಣಿಸಿದ. 1670ರಲ್ಲಿ ಅವನ ಕಣ್ಣು ಹೋಗಿತ್ತು. ಬೇರೆಯವರ ಕಣ್ಣು, ಕೈಗಳ ನೆರವಿನಿಂದ ಕೆಲಸ ಮುಂದುವರಿಸಿದ. ಪುಸ್ತಕ ಅಚ್ಚಾದದ್ದು ಅವನು ಸತ್ತ ನಾಲ್ಕು ದಶಕಗಳ ಮೇಲೆ, 1741ರಿಂದ 1750ರ ನಡುವೆ. ಲಿನೇಯಸ್ 1753ರಲ್ಲಿ ಅದನ್ನು ಕ್ರೋಟನ್ ಕುಲಕ್ಕೆ ಸೇರಿಸಿದ. ಮುಂದೆ ಸಸ್ಯಶಾಸ್ತ್ರಜ್ಞರು ಅದನ್ನು ಅಲ್ಲಿಂದ ತೆಗೆದು ರಂಫಿಯಸ್ ಕೊಟ್ಟಿದ್ದ ಕೊಡಿಯೇಯಮ್ ಎಂಬ ಹೆಸರಿಗೇ ಮರಳಿಸಿದರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿತು. ಹರಳು, ಮರಗೆಣಸು, ಕಡಬ–ಸುಳ್ಯದ ಗುಡ್ಡಗಳಲ್ಲಿ ಟ್ಯಾಪಿಂಗ್ ಮಾಡುವ ರಬ್ಬರ್, ಇವೆಲ್ಲ ಅದರ ಕುಟುಂಬದವೇ. ಗೆಲ್ಲು ಕಡಿದರೆ ಇದರಲ್ಲೂ ಸೊನೆ ಬರುತ್ತದೆ, ಕೆಲವರಿಗೆ ಕೈ ತುರಿಸುತ್ತದೆ. ಎಲೆಯ ಹಸಿರಿಗೆ ಕಾರಣ ಪತ್ರಹರಿತ್ತು, ಹಳದಿ-ಕಿತ್ತಳೆಗೆ ಕ್ಯಾರೊಟಿನಾಯ್ಡುಗಳು, ಕೆಂಪು-ನೇರಳೆಗೆ ಆಂಥೋಸಯನಿನ್. ಬೆಳಕು ಧಾರಾಳವಾಗಿರುವಲ್ಲಿ ಗಿಡಕ್ಕೆ ಹಸಿರು ಭಾಗ ಸ್ವಲ್ಪ ಕಡಿಮೆಯಿದ್ದರೂ ಅನ್ನ ತಯಾರಿಸುವುದು ಕಷ್ಟವಲ್ಲ; ಆಂಥೋಸಯನಿನ್ ಪ್ರಖರ ಬಿಸಿಲಿಗೆ ಒಂದು ತೆರೆಯಾಗಿಯೂ ಒದಗುತ್ತದೆ. ಬೆಳಕು ಸೊರಗಿದಾಗ ಗಿಡ ಸಿಕ್ಕಿದಷ್ಟನ್ನು ಹಿಡಿಯಲು ಹಸಿರನ್ನು ಹೆಚ್ಚಿಸಿಕೊಳ್ಳುತ್ತದೆ, ಉಳಿದ ಬಣ್ಣಗಳು ಹಿಂದೆ ಸರಿಯುತ್ತವೆ. ಒಳಮನೆಯ ಹಸಿರು ಕ್ರೋಟನ್ ಸೋತ ಗಿಡವಲ್ಲ, ಇರುವುದರಲ್ಲಿ ಸಂಸಾರ ತೂಗಿಸುತ್ತಿರುವ ಗಿಡ.

ನಮ್ಮ ಹಳೆಯ ಹಂಚಿನ ಮನೆಗಳು ಬೆಳಕಿಗಾಗಿ ಕಟ್ಟಿದವಲ್ಲ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಮಾಡು ತಗ್ಗಾಗಿ ಇಳಿಯಲೇಬೇಕು, ಕಿಟಕಿ ಸಣ್ಣದಿರಲೇಬೇಕು. ಚಾವಡಿ ತೀರಾ ಕತ್ತಲಾಗದಿರಲಿ ಎಂದು ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಕೂರಿಸುತ್ತಾರೆ. ಅದರ ಕೆಳಗೆ ನೆಲದ ಮೇಲೆ ಬೀಳುವ ಬೆಳಕಿನ ತುಂಡು ಬೆಳಿಗ್ಗೆ ಪಡುಬದಿಯ ಗೋಡೆಯ ಹತ್ತಿರ ಸುರುವಾಗಿ ಮಧ್ಯಾಹ್ನಕ್ಕೆ ಕಂಬದ ಬುಡಕ್ಕೆ ಬಂದು ಸಂಜೆಗೆ ಮೂಡುಬದಿಯ ಗೋಡೆ ಹತ್ತುತ್ತದೆ. ಆ ತುಂಡಿನ ದಾರಿಯಲ್ಲಿ ಒಂದು ಕ್ರೋಟನ್ ಚಟ್ಟಿ ಇಟ್ಟರೆ ಬಹುಶಃ ಮೇಲಿನ ನಾಲ್ಕೆಲೆಗಳಲ್ಲಿ ಕೆಂಪು ನರ ಮೂಡೀತು. ಎರಡು ಮೊಳ ಆಚೆ ಇಟ್ಟರೆ ಅದೂ ಇಲ್ಲ. ಮಳೆಗಾಲದಲ್ಲಿ ಗಾಜಿಗೆ ಪಾಚಿ ಹಿಡಿದರೆ ಯಾರಾದರೂ ಏಣಿ ಇಟ್ಟು ಹತ್ತಿ ಉಜ್ಜುವವರೆಗೆ ಆ ಬೆಳಕೂ ಅರ್ಧ. ಗಿಡದ ‘ಗುಣ’ ಎಂದು ನಾವು ಹೇಳುವುದರಲ್ಲಿ ಎಷ್ಟು ಪಾಲು ಹಂಚಿನದು ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತದೆ.

ಇನ್ನು ದರ್ಶನದ ಕಡೆಗೆ ಬರಬಹುದು. ರಾಮಕುಂಜ ಎಂದಾಗ ನಾಡಿನ ಬಹುಪಾಲು ಜನರಿಗೆ ನೆನಪಾಗುವುದು ಪೇಜಾವರ ಮಠದ ವಿಶ್ವೇಶತೀರ್ಥರು. ಅವರು 1931ರಲ್ಲಿ ಇಲ್ಲಿ ಹುಟ್ಟಿದರು, ಇಲ್ಲಿಯ ಸಂಸ್ಕೃತ ಪ್ರಾಥಮಿಕ ಶಾಲೆಯಲ್ಲಿ ಮೊದಲ ಪಾಠ ಕಲಿತರು, 1938ರಲ್ಲಿ ಸಣ್ಣ ಹುಡುಗನಾಗಿರುವಾಗಲೇ ಸನ್ಯಾಸ ಪಡೆದರು, 2019ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೆ ಮಧ್ವಸಿದ್ಧಾಂತದ ಪಾಠ ಹೇಳಿದರು. ಆ ಸಿದ್ಧಾಂತದಲ್ಲಿ ಭೇದ ಎನ್ನುವುದು ಕಣ್ಣಿನ ಭ್ರಮೆಯಲ್ಲ. ಈಶ್ವರನಿಗೂ ಜೀವನಿಗೂ, ಈಶ್ವರನಿಗೂ ಜಡಕ್ಕೂ, ಜೀವಜೀವರಿಗೆ, ಜೀವಕ್ಕೂ ಜಡಕ್ಕೂ, ಜಡಜಡಗಳಿಗೆ ಹೀಗೆ ಐದು ಬಗೆಯ ಭೇದ ಸತ್ಯ, ಅನಾದಿ. ಇಷ್ಟಕ್ಕೇ ನಿಂತಿದ್ದರೆ ಆಧುನಿಕರಿಗೆ ಹಿತವಾಗುತ್ತಿತ್ತು. ಮಧ್ವರು ಮುಂದೆ ಹೋಗಿ ಜೀವರಲ್ಲಿ ತಾರತಮ್ಯವಿದೆ ಎನ್ನುತ್ತಾರೆ. ಮುಕ್ತಿಗೆ ಯೋಗ್ಯರು, ಸಂಸಾರದಲ್ಲೇ ಸುತ್ತುವವರು, ತಮಸ್ಸಿಗೆ ಯೋಗ್ಯರು ಎಂಬ ಮೂರು ವರ್ಗಗಳನ್ನು ಹೇಳುತ್ತಾರೆ. ಇದನ್ನು ಬರಿಯ ವೈವಿಧ್ಯ, ಬಗೆಬಗೆಯ ಹೂವಿನ ತೋಟ ಎಂದು ಸಿಹಿ ಮಾಡಿ ಹೇಳುವವರಿದ್ದಾರೆ. ಹಾಗೆ ಹೇಳಿದರೆ ಸಿದ್ಧಾಂತಕ್ಕೂ ನ್ಯಾಯವಲ್ಲ, ಅದನ್ನು ಒಪ್ಪದವರಿಗೂ ನ್ಯಾಯವಲ್ಲ. ತಾರತಮ್ಯವೆಂದರೆ ಮೇಲು-ಕೆಳಗೇ, ಅದು ಮೋಕ್ಷದಲ್ಲೂ ಅಳಿಯುವುದಿಲ್ಲ. ಹೀಗಿರುವಾಗ ಒಬ್ಬನನ್ನು ನೋಡಿ ‘ಅವನ ಸ್ವಭಾವವೇ ಅಷ್ಟು’ ಎನ್ನುವವನಿಗೆ ಇದಕ್ಕಿಂತ ಗಟ್ಟಿಯಾದ ಆಸರೆ ಬೇರೆಲ್ಲಿ ಸಿಕ್ಕೀತು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಆದರೆ ಅದೇ ಸಿದ್ಧಾಂತದಲ್ಲಿ ಸ್ವಭಾವದ ಮಾತಿನ ಜೊತೆಗೇ ಅಭಿವ್ಯಕ್ತಿಯ ಮಾತಿದೆ, ಅಭಿವ್ಯಕ್ತಿಯನ್ನು ಬಿಟ್ಟು ಸ್ವಭಾವವನ್ನಷ್ಟೇ ಹಿಡಿದರೆ ಅರ್ಧ ವಾಕ್ಯ ಓದಿದ ಹಾಗೆ. ಜೀವನ ಜ್ಞಾನ, ಆನಂದ ಹೊರಗಿನಿಂದ ಬಂದು ಅಂಟಿಕೊಳ್ಳುವಂಥವಲ್ಲ, ಅವು ಅವನ ಸ್ವರೂಪವೇ. ಆದರೆ ಮುಸುಕಿನಲ್ಲಿವೆ, ಸಾಧನೆಯಿಂದ, ಭಗವಂತನ ಪ್ರಸಾದದಿಂದ ಪ್ರಕಟವಾಗುತ್ತವೆ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲೇ ಇದಕ್ಕೆ ದೃಷ್ಟಾಂತ ಇದೆ: ಎಳೆಯ ಹುಡುಗನಲ್ಲಿ ಪುರುಷತ್ವ ಇಲ್ಲವೆಂದಲ್ಲ, ಕಾಲ ಬಂದಾಗ ಕಾಣಿಸಿಕೊಳ್ಳುತ್ತದೆ. ಇಲ್ಲದ್ದು ಹೊಸದಾಗಿ ಬರುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಕ್ರೋಟನ್ನಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಒಂದೇ ಕಿಟಕಿಯ ಹತ್ತಿರ ಒಂದು ಕ್ರೋಟನ್ ಚಟ್ಟಿಯನ್ನೂ ಒಂದು ಒಂದೆಲಗದ ಚಟ್ಟಿಯನ್ನೂ ಇಡಿ. ಬೆಳಕು ಎರಡಕ್ಕೂ ಸಮಾನ, ಒಂದು ಕೆಂಪಾಗುತ್ತದೆ, ಇನ್ನೊಂದು ಹಸಿರಾಗಿಯೇ ಹಬ್ಬುತ್ತದೆ. ಕೆಂಪನ್ನು ಕೊಟ್ಟದ್ದು ಬೆಳಕು ಎನ್ನುವಂತಿಲ್ಲ, ಬೆಳಕಿಲ್ಲದೆ ಕೆಂಪು ಬಂತು ಎನ್ನುವಂತೆಯೂ ಇಲ್ಲ. ಬೆಳಕು ಅಲ್ಲಿ ನಿಮಿತ್ತ. ಮಧ್ವರು ತಮ್ಮ ತತ್ತ್ವಸಂಖ್ಯಾನವನ್ನು ಸುರು ಮಾಡುವುದೇ ಇರುವುದೆಲ್ಲವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ. ಭಗವಂತನೊಬ್ಬನನ್ನು ಬಿಟ್ಟು ಉಳಿದದ್ದೆಲ್ಲ ಅಸ್ವತಂತ್ರ. ಇಲ್ಲಿ ಗಮನಿಸಬೇಕಾದ್ದು, ಅಸ್ವತಂತ್ರವಾದದ್ದು ಸುಳ್ಳೆಂದು ಅವರು ಹೇಳುವುದಿಲ್ಲ. ಇನ್ನೊಂದನ್ನು ಆಶ್ರಯಿಸಿಕೊಂಡೇ ಒಂದು ವಸ್ತು ತನ್ನದೇ ಸ್ವರೂಪದಲ್ಲಿ ನಿಜವಾಗಿರಬಹುದು. ಕ್ರೋಟನ್ನಿನ ಕೆಂಪು ಬಿಸಿಲಿಗೆ ಅಧೀನ, ಆದರೂ ಅದು ಕ್ರೋಟನ್ನಿನದೇ. ಸ್ವಭಾವಕ್ಕೂ ಪರಿಸರಕ್ಕೂ ಜಗಳ ಹಚ್ಚಿ ಯಾವುದು ಗೆದ್ದಿತೆಂದು ಕೇಳುವ ಈಗಿನ ಚರ್ಚೆಗಳಿಗಿಂತ ಈ ನಿಲುವು ಹೆಚ್ಚು ಸೂಕ್ಷ್ಮವಾದದ್ದು ಎಂದು ನನ್ನ ಎಣಿಕೆ.

ಹಾಗಾದರೆ ಕಾಣದಿರುವುದರಿಂದ ಇಲ್ಲ ಎಂದು ಯಾವಾಗ ಹೇಳಬಹುದು? ಇದಕ್ಕೆ ನಮ್ಮ ತಾರ್ಕಿಕರು ಒಂದು ಕಟ್ಟುನಿಟ್ಟಾದ ಷರತ್ತು ಹಾಕಿದ್ದಾರೆ. ನೆಲದ ಮೇಲೆ ಮಡಕೆ ಇಲ್ಲ ಎಂಬುದು ತಿಳಿಯಬೇಕಾದರೆ ಬರಿದೆ ಮಡಕೆ ಕಾಣದಿದ್ದರೆ ಸಾಲದು. ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಸ್ಥಿತಿ ಇರಬೇಕು. ಕಣ್ಣು ನೆಟ್ಟಗಿರಬೇಕು, ನಡುವೆ ಅಡ್ಡಿಯಿರಬಾರದು, ಮುಖ್ಯವಾಗಿ ಬೆಳಕಿರಬೇಕು. ಇದನ್ನೇ ಯೋಗ್ಯಾನುಪಲಬ್ಧಿ ಎಂದು ಕರೆದರು. ಭಾಟ್ಟ ಮೀಮಾಂಸಕರು, ಅದ್ವೈತಿಗಳು ಅನುಪಲಬ್ಧಿಯನ್ನು ಬೇರೆಯೇ ಪ್ರಮಾಣವೆಂದು ಎಣಿಸಿದರೆ ನೈಯಾಯಿಕರು ಪ್ರತ್ಯಕ್ಷಕ್ಕೆ ಸಹಾಯಕ ಎಂದರು; ಮಧ್ವರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರರಲ್ಲೇ ಅದನ್ನು ಸೇರಿಸಿಕೊಳ್ಳುತ್ತಾರೆ. ಪ್ರಮಾಣಗಳ ಸಂಖ್ಯೆಯ ಆ ಜಗಳ ಇಲ್ಲಿ ಬೇಡ. ಕತ್ತಲೆ ಕೋಣೆಯಲ್ಲಿ ನಿಂತು ಮಡಕೆ ಇಲ್ಲ ಎನ್ನುವವನ ಮಾತನ್ನು ಯಾವ ಪಕ್ಷದವರೂ ಒಪ್ಪುವುದಿಲ್ಲ ಎಂಬಷ್ಟು ಸಾಕು. ಟಿ.ವಿ. ಪಕ್ಕದ ಕ್ರೋಟನ್ನಿನಲ್ಲಿ ಬಣ್ಣವಿಲ್ಲ ಎಂಬುದು ಅದೇ ಜಾತಿಯ ಮಾತು. ಪುಸ್ತಕವಿಲ್ಲದ ಮನೆಯ ಮಗುವಿಗೆ ಓದು ಹತ್ತುವುದಿಲ್ಲ, ಗರ್ಭಗುಡಿಯ ಹತ್ತಿರ ಸುಳಿಯಲು ಬಿಡದವನಿಗೆ ಭಕ್ತಿಯ ಸಂಸ್ಕಾರವಿಲ್ಲ, ಲೆಕ್ಕಪತ್ರವನ್ನು ಎಂದೂ ಕೈಗೆ ಕೊಡದ ಹೆಂಗಸಿಗೆ ವ್ಯವಹಾರ ತಿಳಿಯುವುದಿಲ್ಲ ಎಂಬವೂ ಹಾಗೆಯೇ. ಇವೆಲ್ಲ ಸ್ವಭಾವದ ಬಗೆಗಿನ ತೀರ್ಪುಗಳಂತೆ ಕೇಳಿಸಿದರೂ ವಾಸ್ತವದಲ್ಲಿ ಕೋಣೆಯ ಬಗೆಗಿನ ವರದಿಗಳು.

ಒಬ್ಬ ತಾರ್ಕಿಕ ಇಲ್ಲಿ ತಡೆಯಬಹುದು. ಎಲೆಯ ಬಣ್ಣ ಜಡದ ಧರ್ಮ, ಜೀವನ ಯೋಗ್ಯತೆ ಚೇತನದ್ದು. ಒಂದರಿಂದ ಇನ್ನೊಂದನ್ನು ಸಾಧಿಸುವುದು ಹೇಗೆ? ಆಕ್ಷೇಪ ಸರಿಯಾದದ್ದೇ. ದೃಷ್ಟಾಂತ ಎಂದೂ ಪ್ರಮಾಣವಾಗದು, ವ್ಯಾಪ್ತಿಯನ್ನು ತೋರಿಸಲಷ್ಟೇ ಅದು ಬೇಕು. ಕ್ರೋಟನ್ನಿನ ಮೂಲಕ ನಾನು ಜೀವಸ್ವರೂಪವನ್ನು ಸಾಧಿಸುತ್ತಿಲ್ಲ. ಅಭಿವ್ಯಕ್ತಿಯ ಸಾಮಗ್ರಿ ಇಲ್ಲದಿರುವಾಗ ಕೊಟ್ಟ ‘ಇಲ್ಲ’ ಎಂಬ ತೀರ್ಪು ನಿಲ್ಲದು ಎಂಬ ಒಂದೇ ನಿಯಮವನ್ನು ತೋರಿಸುತ್ತಿದ್ದೇನೆ, ಅದು ಜಡಕ್ಕೂ ಚೇತನಕ್ಕೂ ಒಂದೇ. ಅಲ್ಲದೆ ಈ ಪರಂಪರೆಗೆ ಗಿಡ ಬರಿಯ ಜಡವೂ ಅಲ್ಲ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ದೊಡ್ಡ ಮರವೊಂದನ್ನು ತೋರಿಸಿ ಹೇಳುತ್ತಾನೆ: ಬುಡಕ್ಕೆ ಕೊಡಲಿ ಹಾಕಿದರೆ ರಸ ಸುರಿಸುತ್ತಲೇ ಬದುಕಿರುತ್ತದೆ, ಯಾಕೆಂದರೆ ಜೀವ ಅದನ್ನು ವ್ಯಾಪಿಸಿದೆ, ಯಾವ ಗೆಲ್ಲನ್ನು ಜೀವ ಬಿಡುತ್ತದೆಯೋ ಆ ಗೆಲ್ಲು ಒಣಗುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗು ಭರದ್ವಾಜನಿಗೆ ಗಿಡಮರಗಳಿಗೆ ಐದೂ ಇಂದ್ರಿಯಗಳಿವೆ ಎಂದು ಒಂದೊಂದಾಗಿ ಕಾರಣ ಕೊಡುತ್ತಾನೆ. ಬಿಸಿಲಿಗೆ ಎಲೆ ಬಾಡುವುದರಿಂದ ಸ್ಪರ್ಶವಿದೆ, ಸಿಡಿಲಿನ ಸದ್ದಿಗೆ ಹೂಹಣ್ಣು ಉದುರುವುದರಿಂದ ಕೇಳುವಿಕೆಯಿದೆ, ಬಳ್ಳಿ ದಾರಿ ಹುಡುಕಿ ಹಬ್ಬುವುದರಿಂದ ನೋಟವಿದೆ ಎಂದು. ಜೈನರು ಇಷ್ಟು ಧಾರಾಳಿಗಳಲ್ಲ. ಸ್ಪರ್ಶವೊಂದೇ ಇಂದ್ರಿಯ ಎಂದರು, ಜೀವ ಇದೆ ಎಂಬುದರಲ್ಲಿ ಮಾತ್ರ ಅವರಿಗೂ ಅನುಮಾನವಿರಲಿಲ್ಲ. ಸಿಡಿಲಿನ ವಾದವನ್ನು ಇವತ್ತಿನ ಸಸ್ಯವಿಜ್ಞಾನ ಒಪ್ಪುವ ಅಗತ್ಯವಿಲ್ಲ. ಆದರೆ ಗಿಡದ ಮೇಲೆ ‘ಜಾತಿ ಸರಿಯಿಲ್ಲ’ ಎಂಬ ತೀರ್ಪು ಹೊರಿಸುವಾಗ ಈ ಗ್ರಂಥಗಳ ಮಟ್ಟಿಗೆ ಒಂದು ಜೀವದ ಬಗೆಗೇ ಮಾತನಾಡುತ್ತಿದ್ದೇವೆ ಎಂಬುದು ಮರೆಯಬಾರದು.

ಇದಕ್ಕಿಂತ ಕಠಿಣವಾದ ಆಕ್ಷೇಪ ಬೇರೆ ಇದೆ. ಅಂಗಳದ ನಡುಬಿಸಿಲಲ್ಲಿ ನಿಂತೂ ಹಸಿರಾಗಿ ಉಳಿಯುವ ಗಿಡಗಳಿಲ್ಲವೆ? ಇವೆ. ಒಂದೆಲಗವನ್ನು ಯಾವ ಬಿಸಿಲೂ ಕ್ರೋಟನ್ ಮಾಡದು. ಕ್ರೋಟನ್ನಿನಲ್ಲೇ ನೂರಾರು ತಳಿಗಳಿವೆ, ಕೆಲವಕ್ಕೆ ಹಳದಿ ಚುಕ್ಕೆಯಷ್ಟೇ, ಎಷ್ಟು ಬೆಳಕು ಕೊಟ್ಟರೂ ಅವು ಕೆಂಪಾಗುವುದಿಲ್ಲ. ಒಂದೇ ಗಿಡದಲ್ಲಿ ಇದ್ದಕ್ಕಿದ್ದ ಹಾಗೆ ಒಂದು ಗೆಲ್ಲು ಬೇರೆಯೇ ಬಗೆಯ ಎಲೆ ಬಿಡುವುದೂ ಉಂಟು. ಅದನ್ನು ಕಡಿದು ಊರಿ, ಇಲ್ಲವೆ ಗೂಟಿ ಕಟ್ಟಿ ಹೊಸ ತಳಿ ಮಾಡುತ್ತಾರೆ. ಹಾಗಾಗಿ ಎಲ್ಲವೂ ಬೆಳಕಿನ ಪ್ರಶ್ನೆ, ಸ್ವಭಾವ ಎಂಬುದೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಒಂದೇ ಕಿಟಕಿ ಕೊಟ್ಟರೆ ಸಮಾನತೆ ಬಂತು ಎನ್ನುವವರನ್ನೂ ಗಿಡಗಳು ಒಪ್ಪುವುದಿಲ್ಲ. ಕ್ರೋಟನ್ನಿಗೆ ಹಿತವಾದ ನೇರ ಬಿಸಿಲಿನಲ್ಲಿ ಅಗ್ಲೊನೇಮದ ಎಲೆ ಸುಟ್ಟುಹೋಗುತ್ತದೆ; ಅದರ ಕೆಂಪು ಅರೆನೆರಳಿನದು. ಭೇದ ನಿಜ ಎಂಬ ಮಧ್ವರ ಹಟಕ್ಕೆ ಇಲ್ಲೊಂದು ಪ್ರಯೋಜನವಿದೆ: ಪ್ರತಿಯೊಂದು ಜೀವವೂ ಬೇರೆಯೆಂದು ಒಪ್ಪಿದವನು ಯಾವುದಕ್ಕೆ ಯಾವ ಬೆಳಕು ಎಂದು ವಿಚಾರಿಸಲೇಬೇಕಾಗುತ್ತದೆ, ಎಲ್ಲ ಒಂದೇ ಎಂದವನಿಗೆ ಆ ತೊಂದರೆಯಿಲ್ಲ. ಅದ್ವೈತಿಗಳು ಇದಕ್ಕೆ ಸಿಟ್ಟಾಗಬಹುದು, ವ್ಯವಹಾರದಲ್ಲಿ ನಾವೂ ಭೇದವನ್ನು ಒಪ್ಪುತ್ತೇವಲ್ಲ ಎಂದು. ಒಪ್ಪುತ್ತಾರೆ, ನಿಜ. ವಾದಕ್ಕೆ ಬೇಕಾದ್ದು ಆ ವ್ಯವಹಾರದ ಭೇದವೇ ಆದ್ದರಿಂದ ಅವರೂ ಇದರಲ್ಲಿ ಸೇರಬಹುದು.

ಸ್ವಭಾವವಿದೆ, ತಾರತಮ್ಯವೂ ಇದೆ ಎಂದು ಒಪ್ಪಿದ ಮೇಲೆ ಅದನ್ನು ಅರಿಯುವವರು ಯಾರು ಎಂಬುದು ಉಳಿಯುತ್ತದೆ. ಜೀವನ ಯೋಗ್ಯತೆಯನ್ನು ಪೂರ್ತಿಯಾಗಿ ಬಲ್ಲವನು ಭಗವಂತ. ಭಗವಂತನನ್ನು ಸಾಕ್ಷಾತ್ ಕಂಡ ಅಪರೋಕ್ಷಜ್ಞಾನಿಗಳಿಗೆ ಅವರವರ ಮಟ್ಟದಲ್ಲಿ ತಿಳಿದೀತು. ನಮ್ಮನಿಮ್ಮಂಥವರ ಹೆಸರು ಆ ಪಟ್ಟಿಯಲ್ಲಿಲ್ಲ. ಹುಟ್ಟನ್ನು ನೋಡಿ ತಿಳಿಯಬಹುದಲ್ಲ ಎಂಬ ಉತ್ತರ ಚಲಾವಣೆಯಲ್ಲಿದೆ, ಅದರ ಬಲ ಸಿದ್ಧಾಂತಕ್ಕಿಂತ ರೂಢಿಯದು. ವರ್ಣ ಸ್ವಭಾವದ್ದು, ಹುಟ್ಟಿನದಲ್ಲ ಎಂದು ಮಧ್ವರ ಗೀತಾವ್ಯಾಖ್ಯಾನಗಳನ್ನು ಆಧರಿಸಿ ಬನ್ನಂಜೆ ಗೋವಿಂದಾಚಾರ್ಯರು ಉದ್ದಕ್ಕೂ ಹೇಳಿಕೊಂಡು ಬಂದರು. ಕುರುಬ ಕುಲದ ಕನಕದಾಸರನ್ನು ವ್ಯಾಸರಾಯರು ಶಿಷ್ಯನಾಗಿ ಸ್ವೀಕರಿಸಿದರೆಂಬುದು ಮಾಧ್ವ ಸಂಪ್ರದಾಯವೇ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ಇಲ್ಲಿ ಉಡುಪಿಯ ಕನಕನ ಕಿಂಡಿ ಯಾರಿಗಾದರೂ ನೆನಪಾದೀತು. ಕಿಂಡಿಯನ್ನು ಹೊಗಳುವ ಭರದಲ್ಲಿ ಕನಕದಾಸರು ಹೊರಗೇ ನಿಂತಿದ್ದರು ಎಂಬುದನ್ನು ಮರೆಯುವ ಅಭ್ಯಾಸ ನಮಗಿದೆ. ರಾಮಕುಂಜದಲ್ಲಿ ಹುಟ್ಟಿದ ಯತಿಗಳ ವಿಚಾರಕ್ಕೆ ಬಂದರೆ, 1969ರಲ್ಲಿ ಉಡುಪಿಯಲ್ಲಿ ನಡೆದ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನ ಅಸ್ಪೃಶ್ಯತೆಗೆ ಶಾಸ್ತ್ರದ ಸಮ್ಮತಿಯಿಲ್ಲವೆಂದು ಸಾರಿದಾಗ ಅದರ ಹಿಂದೆ ಅವರ ದುಡಿಮೆಯಿತ್ತು. ಮರುವರ್ಷದ ಸುಮಾರಿಗೆ ಬೆಂಗಳೂರಿನ ದಲಿತರ ಕೇರಿಗೆ ಹೋಗಿ ಸಂಪ್ರದಾಯಸ್ಥರ ಸಿಟ್ಟನ್ನೂ ಎದುರಿಸಿದರು. ಮುಂದೆ ದಲಿತರಿಗೆ ವೈಷ್ಣವ ದೀಕ್ಷೆ ಕೊಡಲು ಸಿದ್ಧ ಎಂದರು. ದೀಕ್ಷೆಯಿಂದ ಅನ್ನದ ಪಂಕ್ತಿಯವರೆಗಿನ ದೂರ ಎಷ್ಟು ಕಡಿಮೆಯಾಯಿತು ಎಂಬ ವಿಮರ್ಶೆಯನ್ನು ಅವರು ಬದುಕಿರುವಾಗಲೇ ಹಲವರು ಮಾಡಿದ್ದಾರೆ, ಆ ವಿಮರ್ಶೆಯಲ್ಲಿ ಸತ್ಯವಿದೆ. ಆದರೆ ತಾರತಮ್ಯವನ್ನು ಕಡೆಯವರೆಗೆ ಬಿಡದೆ ಪಾಠ ಹೇಳಿದವರೇ ಹುಟ್ಟಿನ ಆಧಾರದ ಅಸ್ಪೃಶ್ಯತೆಗೆ ಸಿದ್ಧಾಂತದಲ್ಲಿ ಜಾಗವಿಲ್ಲ ಎಂದದ್ದು ನನ್ನ ವಾದಕ್ಕೆ ಮುಖ್ಯ. ಎರಡನ್ನೂ ಒಟ್ಟಿಗೆ ಹಿಡಿಯುವುದು ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ.

ಬೆಳಕು ಕೊಡುವುದಕ್ಕೂ ಒಂದು ಕ್ರಮವಿದೆ. ತಿಂಗಳುಗಟ್ಟಲೆ ಒಳಗಿದ್ದ ಚಟ್ಟಿಯನ್ನು ಒಂದೇ ದಿನ ಎತ್ತಿ ಮಾರ್ಚಿನ ಬಿಸಿಲಿಗೆ ಇಟ್ಟರೆ ಎಲೆ ಬೂದಿ ಬಣ್ಣಕ್ಕೆ ಸುಟ್ಟು ಉದುರುತ್ತದೆ, ಆಗ ಇದಕ್ಕೆ ಬೆಳಕೂ ಆಗಿಬರುವುದಿಲ್ಲ ಎಂಬ ಇನ್ನೊಂದು ತಪ್ಪು ತೀರ್ಪು ಹುಟ್ಟುತ್ತದೆ. ಮೊದಲು ಸಿಟೌಟಿನ ನೆರಳು, ಆಮೇಲೆ ಬೆಳಗಿನ ಎಳೆಬಿಸಿಲು, ಆಮೇಲೆ ಅಂಗಳ. ನೆರಳಿನಲ್ಲಿ ಬಲಿತ ಹಳೆಯ ಎಲೆಗಳು ಹೆಚ್ಚಿಗೇನೂ ಬದಲಾಗವು. ಬಣ್ಣ ಕಾಣಬೇಕಾದರೆ ಹೊಸ ಚಿಗುರು ಬಂದು ಬಲಿಯಬೇಕು. ಅಷ್ಟು ಕಾಲ ಕಾಯುವವರಾರು ಎಂದು ಕೇಳಬಹುದು. ಜೀವನ ಸಾಧನೆಗೆ ಎಣಿಕೆಯಿಲ್ಲದ ಜನ್ಮಗಳನ್ನು ಬಿಟ್ಟುಕೊಟ್ಟ ಸಿದ್ಧಾಂತದವರಿಗೆ ಒಂದು ಮಗುವಿನ ಒಂದು ವರ್ಷದ ಅಂಕಪಟ್ಟಿ ನೋಡಿ ಸ್ವಭಾವ ನಿರ್ಣಯಿಸುವ ಅವಸರ ಎಲ್ಲಿಂದ ಬಂತೆಂಬುದು ನನಗೆ ಅರ್ಥವಾಗದ ಸಂಗತಿ.

ಕಡೆಗೆ ತಮೋಯೋಗ್ಯರ ಪ್ರಶ್ನೆ ಉಳಿಯುತ್ತದೆ. ಎಂದಿಗೂ ಬಣ್ಣ ಬಾರದ ಜೀವರಿದ್ದಾರೆ ಎಂಬ ಮಾತನ್ನು ಒಪ್ಪಲು ನನ್ನಿಂದಾಗದು. ಮಧ್ವರಿಗೆ ಅದು ಶಾಸ್ತ್ರದಿಂದ ಸಿದ್ಧ, ತರ್ಕದಿಂದ ಅಲುಗಿಸಲಾಗದ್ದು. ಆದರೂ ಅವರದೇ ಪ್ರಮಾಣಪದ್ಧತಿಯ ಪ್ರಕಾರ ಆ ವರ್ಗಕ್ಕೆ ಸೇರಿದವನು ಇವನು ಎಂದು ಬೆರಳು ಮಾಡಿ ತೋರಿಸಲು ಊರಿನ ಯಾವನಿಗೂ ಪ್ರಮಾಣವಿಲ್ಲ: ಪ್ರತ್ಯಕ್ಷಕ್ಕೆ ಅದು ನಿಲುಕದು, ಅನುಮಾನಕ್ಕೆ ನೆರಳಿನ ದೋಷ ತಪ್ಪದು, ಆಗಮ ಪಕ್ಕದ ಮನೆಯವನ ಹೆಸರು ಹೇಳುವುದಿಲ್ಲ. ಹೆಸರಿಸಲು ಬಾರದ ಆ ವರ್ಗವನ್ನು ಸಿದ್ಧಾಂತ ತನ್ನ ಲೆಕ್ಕಕ್ಕೆ ಇಟ್ಟುಕೊಳ್ಳಲಿ. ಶಾಲೆಯ ಬೆಂಚಿನಲ್ಲಿ, ಊಟದ ಪಂಕ್ತಿಯಲ್ಲಿ, ದೇವಸ್ಥಾನದ ಸುತ್ತಿನಲ್ಲಿ ಯಾರು ಎಲ್ಲಿರಬೇಕು ಎಂಬ ಮಾತು ಬಂದಾಗ ಅದನ್ನು ಎಳೆದು ತರುವ ಹಾಗಿಲ್ಲ.